ಲಕ್ವಾ: ಗುರುತಿಸಬೇಕಾದವರು ಪಕ್ಕದವರು

ದೇಹ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು ಎಂಬ ಮಾತನ್ನು ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳಿದ್ದೇವೆ. ನಮ್ಮ ನಮ್ಮ ದೇಹವನ್ನು ನಾವೇ ಕಾಯಬೇಕು ಎಂದು ಅದರಿಂದ ಅರ್ಥ ಮಾಡಿಕೊಂಡಿದ್ದೇವೆ. ಆದರೆ ಒಂದು ಕಾಯಿಲೆ ಬಂದ ಗಳಿಗೆಯಲ್ಲಿ ರೋಗಿ ತನ್ನನ್ನು ತಾನು ಕಾಯಲಾರ. ತನಗೆ ಏನಾಗುತ್ತಿದೆ ಎಂದು ಅವನಿಗೆ ತಿಳಿಯದೆ ಹೋಗಬಹುದು. ತಿಳಿದರೂ ಹೇಳಲು ನಾಲಿಗೆ ಏಳದಿರಬಹುದು. ಆಗ ಆ ಅಮಾನತ್ತು ಪಕ್ಕದಲ್ಲಿರುವವರ ಕೈಗೆ ಬರುತ್ತದೆ. ಆ ಕಾಯಿಲೆಯೇ ನಾವು ಲಕ್ವಾ ಎನ್ನುವ ಪಾರ್ಶ್ವವಾಯು.

ಸುಮಾರು 15 ವರ್ಷಗಳ ಹಿಂದೆ ನನ್ನ ಮಾಮೂ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದರು. ಬಲಗೈಯಿಂದ ಪಾನಾ ಎರಡು ಸಲ ಕೆಳಗೆ ಬಿತ್ತು. ಏನೋ ಹೇಳಲು ಹೋದರು, ಮಾತು ತೊದಲಿತು. ಒಬ್ಬ ಹುಡುಗ ಹತ್ತಿರ ಬಂದು ಅವರ ಬಾಯಿ ವಾಸನೆ ನೋಡಿದನಂತೆ. ಜೀವನದಲ್ಲಿ ಹೆಂಡ ಮುಟ್ಟದ ಮನುಷ್ಯ. ವಾಸನೆ ಇಲ್ಲ ಎಂದ ಮೇಲೆ, "ಸುಸ್ತಾಗೇತಿ ಚಾಚಾ, ಸ್ವಲ್ಪ ಮಲ್ಕೊಳ್ರಿ, ಮುಂಜಾನೆ ನೋಡೋಣ" ಎಂದು ಮಲಗಿಸಿದರು. ಅವರು ಪ್ರೀತಿಯಿಂದಲೇ ಮಲಗಿಸಿದ್ದು. ಬೆಳಿಗ್ಗೆ ಮನೆಗೆ ತಂದಾಗ ಮುಮಾನಿ, ಗಾಳಿ ಬಡಿದಿದೆ ಎಂದು ಎಣ್ಣೆ ಕಾಯಿಸಿ ಕೈಕಾಲು ತಿಕ್ಕಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ 14 ಗಂಟೆ ಕಳೆದಿತ್ತು. ಮಾಮೂ ಆಮೇಲೆ 8 ವರ್ಷ ಬದುಕಿದರು. ಬಲಗೈ ಮರಳಿ ಬರಲಿಲ್ಲ. ಸೂರಃ ಫಾತಿಹಾವನ್ನು ಪೂರ್ತಿ ಓದುತ್ತಿದ್ದರು, ಆದರೆ ಮೊಮ್ಮಗಳ ಹೆಸರು ಕರೆಯಲು ಆಗುತ್ತಿರಲಿಲ್ಲ.

ಅಂದು ಅವರ ಸುತ್ತ ಇದ್ದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಗೊತ್ತಿದ್ದವರು ಇರಲಿಲ್ಲ, ಅಷ್ಟೇ. ಈ ಕಾಯಿಲೆಯನ್ನು ಗುರುತಿಸುವ ವಿದ್ಯೆ ಎಲ್ಲಿಂದ ಬಂತು, ಸಾಮಾನ್ಯರ ಕೈಗೆ ಹೇಗೆ ಬಂತು ಎಂಬುದನ್ನು ಹೇಳಲು ಈ ಬರಹ.

ಹೆಸರುಗಳಲ್ಲೇ ಇರುವ ಚರಿತ್ರೆ

ನಮ್ಮ ಮನೆಗಳಲ್ಲಿ ಈ ಕಾಯಿಲೆಗೆ ಮೂರು ನಾಲ್ಕು ಹೆಸರುಗಳಿವೆ. 'ಫಾಲಿಜ್' ಅರಬಿ ಪದ. ಅದರ ಮೂಲ ಧಾತುವಿನ ಅರ್ಥ ಎರಡಾಗಿ ಸೀಳುವುದು. ದೇಹದ ಒಂದು ಅರ್ಧ ಬಿದ್ದುಹೋಗುವುದನ್ನು ಕಂಡವರು ಇಟ್ಟ ಹೆಸರು ಅದು. 'ಲಕ್ವಾ' ಕೂಡ ಅರಬಿಯಿಂದಲೇ ಬಂದದ್ದು. ಆದರೆ ಹಳೆಯ ವೈದ್ಯ ಗ್ರಂಥಗಳಲ್ಲಿ ಅದು ಮುಖ ಸೊಟ್ಟಗಾಗುವುದಕ್ಕೆ ಮಾತ್ರ ಇದ್ದ ಹೆಸರು. ನಮ್ಮ ಕಡೆ ಎರಡೂ ಬೆರೆತು, ಮುಖಕ್ಕೆ ಆದರೂ ಲಕ್ವಾ, ಕೈಕಾಲಿಗೆ ಆದರೂ ಲಕ್ವಾ ಎಂದಾಗಿದೆ. 'ಪಾರ್ಶ್ವವಾಯು' ಎಂಬ ಪದದಲ್ಲಿ ಒಂದು ಪಾರ್ಶ್ವವೂ ಇದೆ, ಗಾಳಿಯೂ ಇದೆ. ಗ್ರೀಕರ ಹೆಸರಿಗೆ ಹೊಡೆದು ಕೆಡವುವುದು ಎಂದರ್ಥ. ಇಂದಿನ 'ಸ್ಟ್ರೋಕ್' ಎಂಬ ಇಂಗ್ಲಿಷ್ ಪದಕ್ಕೂ ಹೊಡೆತ ಎಂದೇ ಅರ್ಥ.

ಎಲ್ಲ ನಾಡಿನ ಜನರೂ ಇದನ್ನು ಹೊರಗಿನಿಂದ ಬಂದು ಬಡಿಯುವ ಏಟು ಎಂದು ತಿಳಿದಿದ್ದರು. ಏಟು ಬಿದ್ದ ಮೇಲೆ ಮಾಡುವುದೇನಿದೆ? ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನಲ್ಲಿರುವ ಗ್ರಂಥಗಳೂ, ದೊಡ್ಡ ಹೊಡೆತವಾದರೆ ಗುಣವಾಗದು, ಸಣ್ಣದಾದರೂ ಕಷ್ಟ ಎಂಬ ಅಭಿಪ್ರಾಯವನ್ನೇ ಕೊಡುತ್ತವೆ. ಅವಸರ ಮಾಡಲು ಕಾರಣವೇ ಇರಲಿಲ್ಲ. "ಮುಂಜಾನೆ ನೋಡೋಣ" ಎಂಬ ಮಾತು ಬೇಲೂರಿನಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ಎರಡು ಸಾವಿರ ವರ್ಷಗಳ ಬೇರು ಇದೆ.

ಮುಸ್ಲಿಮ್ ವೈದ್ಯರು ಕಂಡದ್ದು

ಬಸ್ರಾದ ಪ್ರಸಿದ್ಧ ಬರಹಗಾರ ಅಲ್ ಜಾಹಿಝ್ ಕೊನೆಯ ವರ್ಷಗಳಲ್ಲಿ ಫಾಲಿಜ್‌ನಿಂದ ನರಳಿದರು. ದೇಹದ ಒಂದು ಬದಿಯನ್ನು ಕತ್ತರಿಸಿದರೂ ತಿಳಿಯದಂತಾಗಿತ್ತು, ಇನ್ನೊಂದು ಬದಿಗೆ ನೊಣ ಕೂತರೂ ತಡೆಯಲಾಗದ ನೋವಿತ್ತು ಎಂದು ಅವರ ಚರಿತ್ರೆಯಲ್ಲಿ ಹೇಳುತ್ತಾರೆ. 869ರ ಸುಮಾರಿಗೆ ಅವರು ತೀರಿಕೊಂಡರು. ಅಷ್ಟು ದೊಡ್ಡ ವಿದ್ವಾಂಸರಿಗೂ ಆ ಕಾಲದ ಯಾವ ವೈದ್ಯನೂ ಆ ಅರ್ಧ ದೇಹವನ್ನು ಮರಳಿ ಕೊಡಲಾಗಲಿಲ್ಲ.

ಮುಂದೆ ಅರ್‌ರಾಝಿ ತಮ್ಮ ಬೃಹತ್ ಸಂಗ್ರಹ 'ಅಲ್ ಹಾವಿ'ಯಲ್ಲಿ ಮುಖದ ಲಕ್ವಾದ ಬಗ್ಗೆ ವಿವರವಾಗಿ ಬರೆದರು. ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದ ಮೂರನೆಯ ಭಾಗದಲ್ಲಿ ತಲೆಯಿಂದ ಪಾದದವರೆಗಿನ ಕಾಯಿಲೆಗಳನ್ನು ಹೇಳುವಾಗ, ಎಚ್ಚರ ತಪ್ಪಿಸಿ ಕೆಡವುವ 'ಸಕ್ತಾ', ಅರ್ಧ ದೇಹದ 'ಫಾಲಿಜ್', ಮುಖದ 'ಲಕ್ವಾ' ಇವನ್ನು ಬೇರೆ ಬೇರೆಯಾಗಿ ವಿವರಿಸಿದರು. ಇದು ಗಾಳಿಯಲ್ಲ, ದೆವ್ವವಲ್ಲ, ಮಿದುಳಿನ ಒಳಗಿನ ತಡೆಯಿಂದ ಆಗುವ ಕಾಯಿಲೆ ಎಂಬ ನಿಲುವು ಅವರದು. ಆ ತಡೆಗೆ ಬಲ್ಗಮ್, ಅಂದರೆ ಕಫದಂಥ ದ್ರವಗಳು ಕಾರಣವೆಂದು ಅವರ ಕಾಲದ ವೈದ್ಯ ನಂಬಿತ್ತು. ಕಾರಣ ತಪ್ಪಿದರೂ ಸ್ಥಳ ತಪ್ಪಿರಲಿಲ್ಲ. ಸಾವಿರ ವರ್ಷಗಳ ಹಿಂದೆ ನಮ್ಮ ಹಕೀಮರು ಮಿದುಳಿನತ್ತ ಬೆರಳು ಮಾಡಿದ್ದರೆ, ಇಂದೂ ನಾವು "ಹವಾ ಲಗೀ" ಎನ್ನುತ್ತಿದ್ದೇವೆ. ಇದು ಯೋಚಿಸಬೇಕಾದ ಸಂಗತಿ.

ರಕ್ತ ದೇಹದಲ್ಲಿ ಹೇಗೆ ಹರಿಯುತ್ತದೆ ಎಂದು ತಿಳಿಯದೆ ಈ ಕಾಯಿಲೆಯ ನಿಜ ಕಾರಣ ತಿಳಿಯುವಂತಿರಲಿಲ್ಲ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗಿ ಬರುವ ದಾರಿಯನ್ನು 13ನೇ ಶತಮಾನದಲ್ಲಿ ಇಬ್ನ್ ಅನ್ನಫೀಸ್ ಬರೆದರು. ಇಡೀ ದೇಹದ ರಕ್ತ ಸಂಚಾರವನ್ನು 1628ರಲ್ಲಿ ಇಂಗ್ಲೆಂಡಿನ ವಿಲಿಯಮ್ ಹಾರ್ವೆ ವಿವರಿಸಿದರು. 1658ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್‌ಫರ್, ಈ ಕಾಯಿಲೆಯಿಂದ ಸತ್ತವರ ಮಿದುಳನ್ನು ಪರೀಕ್ಷಿಸಿ, ಒಳಗೆ ರಕ್ತಸ್ರಾವ ಆಗಿರುವುದನ್ನು ತೋರಿಸಿದರು. ಮಿದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡರೂ ಹೀಗಾಗುತ್ತದೆ ಎಂದೂ ಬರೆದರು. ಇಂದಿಗೂ ಪಾರ್ಶ್ವವಾಯು ಎರಡು ಬಗೆ: ರಕ್ತನಾಳದಲ್ಲಿ ಹೆಪ್ಪು ಸಿಕ್ಕಿ ಕಟ್ಟಿಕೊಳ್ಳುವುದು ಒಂದು, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಮೊದಲನೆಯದೇ ಹೆಚ್ಚು.

ಮಾಮೂ ಫಾತಿಹಾ ಓದುತ್ತಿದ್ದುದು ಹೇಗೆ?

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಬಳಿಗೆ ಒಬ್ಬ ರೋಗಿ ಬಂದ. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಆದರೆ ಏನು ಕೇಳಿದರೂ ಬಾಯಿಂದ ಬರುತ್ತಿದ್ದುದು 'ಟಾನ್' ಎಂಬ ಒಂದೇ ಸದ್ದು. ಅವನು ತೀರಿಕೊಂಡ ಮೇಲೆ ಮಿದುಳಿನ ಎಡಭಾಗದ ಮುಂದಿನ ಒಂದು ಜಾಗ ಹಾಳಾಗಿರುವುದು ಕಂಡಿತು. ಮಾತಿಗೆ ಮಿದುಳಿನಲ್ಲಿ ಒಂದು ಜಾಗವಿದೆ ಎಂದು ಹೀಗೆ ತಿಳಿಯಿತು. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುವುದರಿಂದ, ಬಲಗೈ ಬಿದ್ದವರಿಗೆ ಮಾತೂ ಹೋಗುವುದು ಹೆಚ್ಚು.

ಲಂಡನ್ನಿನ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಆ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ವಿಷಯ ಗಮನಿಸಿದರು. ಮಾತು ಕಳೆದುಕೊಂಡವರೂ ರೂಢಿಯಾದ ನುಡಿಗಳನ್ನು ಸರಾಗವಾಗಿ ಹೇಳಬಲ್ಲರು. ಹೊಸದಾಗಿ ಯೋಚಿಸಿ ಆಡುವ ಮಾತೇ ಬೇರೆ, ಬಾಯಿಪಾಠವಾಗಿ ತಾನಾಗಿ ಬರುವ ಮಾತೇ ಬೇರೆ. ಚಿಕ್ಕಂದಿನಿಂದ ದಿನಕ್ಕೆ ಹತ್ತಾರು ಸಲ ಓದಿದ ಫಾತಿಹಾ ಮಾಮೂಗೆ ಉಳಿದದ್ದು, ಮೊಮ್ಮಗಳ ಹೆಸರು ಹೋದದ್ದು ಇದರಿಂದಲೇ ಇರಬೇಕು.

ಇದರಲ್ಲಿ ನಮಗೊಂದು ಪಾಠವಿದೆ. ಯಾರಿಗಾದರೂ ಅನುಮಾನ ಬಂದಾಗ ನಾವು ಮೊದಲು ಮಾಡುವುದು "ಕಲಿಮಾ ಹೇಳಿ" ಎನ್ನುವುದು. ಕಲಿಮಾ ಸರಿಯಾಗಿ ಬಂತು, ಹಾಗಾದರೆ ಏನೂ ಆಗಿಲ್ಲ ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬಾರದು. ಬಾಯಿಪಾಠವಲ್ಲದ ಒಂದು ಮಾತು ಹೇಳಿಸಿ: "ಇವತ್ತು ಬೆಳಿಗ್ಗೆ ಏನು ನಾಷ್ಟಾ ಮಾಡಿದಿರಿ? ಇಲ್ಲಿಗೆ ಯಾರ ಜೊತೆ ಬಂದಿರಿ?" ಉತ್ತರ ತೊದಲಿದರೆ, ಪದ ಸಿಗದಿದ್ದರೆ, ಕೇಳಿದ್ದೊಂದು ಹೇಳಿದ್ದೊಂದು ಆದರೆ, ಅದು ಸೂಚನೆ.

ಗಡಿಯಾರ ಶುರುವಾದ ವರ್ಷ

ಕಾಯಿಲೆ ತಿಳಿದರೂ ಚಿಕಿತ್ಸೆ ದೂರವೇ ಇತ್ತು. ಬದುಕಿರುವ ಮನುಷ್ಯನ ಮಿದುಳಿನೊಳಗೆ ರಕ್ತ ಕಟ್ಟಿದೆಯೋ ಸೋರಿದೆಯೋ ಎಂದು ನೋಡುವ ದಾರಿ ಇರಲಿಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮೋರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನ್ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. ಆ ದಾರಿ ಅಂದು ತೆರೆಯಿತು.

ನಂತರ 1995ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಪಾರ್ಶ್ವವಾಯು ಶುರುವಾದ 3 ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ, ಮೂರು ತಿಂಗಳ ನಂತರ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ ಎಂದು ಅದು ತೋರಿಸಿತು. 2008ರಲ್ಲಿ ಇನ್ನೊಂದು ಅಧ್ಯಯನ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. 2015ರ ನಂತರ ದೊಡ್ಡ ರಕ್ತನಾಳದ ಹೆಪ್ಪನ್ನು ಸಣ್ಣ ಕೊಳವೆ ಹಾಯಿಸಿ ಹೊರಗೆಳೆಯುವ ಚಿಕಿತ್ಸೆ ಬಂತು. ಆಯ್ದ ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದು ಎಂದು 2018ರಲ್ಲಿ ತಿಳಿಯಿತು.

ಎರಡು ಸಾವಿರ ವರ್ಷಗಳಲ್ಲಿ ಮೊದಲ ಸಲ ಅವಸರ ಮಾಡಲು ಕಾರಣ ಸಿಕ್ಕಿದ್ದು ಹೀಗೆ. ದೊಡ್ಡ ನಾಳ ಕಟ್ಟಿಕೊಂಡಾಗ ಚಿಕಿತ್ಸೆ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಒಬ್ಬ ಸಂಶೋಧಕರು ಲೆಕ್ಕ ಹಾಕಿದರು. ಮಾಮೂ ಮಲಗಿದ್ದ ಆ 14 ಗಂಟೆಗಳನ್ನು ನಾನು ಎಂದೂ ಗುಣಿಸಿ ನೋಡಿಲ್ಲ.

ವಿದ್ಯೆ ಸಾಮಾನ್ಯರ ಕೈಗೆ

ಇಂಜೆಕ್ಷನ್ ಬಂದ ಮೇಲೆ ವೈದ್ಯರಿಗೆ ಒಂದು ಮಾತು ಸ್ಪಷ್ಟವಾಯಿತು. ಆಸ್ಪತ್ರೆಯಲ್ಲಿ ಎಷ್ಟು ಚುರುಕಾಗಿದ್ದರೂ, ಹೊತ್ತು ಹಾಳಾಗುವುದು ಮನೆಯಲ್ಲಿ, ಕಾರ್ಖಾನೆಯಲ್ಲಿ, ರಸ್ತೆಯಲ್ಲಿ. ಆದ್ದರಿಂದ ಗುರುತಿಸುವ ಕೆಲಸವನ್ನು ಅಲ್ಲಿಗೇ ಒಪ್ಪಿಸಬೇಕು. 1997ರಲ್ಲಿ ಅಮೆರಿಕದ ಸಿನ್ಸಿನಾಟಿಯ ವೈದ್ಯರು ಆಂಬುಲೆನ್ಸ್ ಸಿಬ್ಬಂದಿಗಾಗಿ ದೀರ್ಘ ಪರೀಕ್ಷೆಯನ್ನು ಮೂರೇ ಅಂಶಕ್ಕೆ ಇಳಿಸಿದರು: ಮುಖ, ತೋಳು, ಮಾತು. 1998ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇದೇ ಮೂರನ್ನು ಇಟ್ಟುಕೊಂಡು 'ಫಾಸ್ಟ್' ಎಂಬ ಪರೀಕ್ಷೆ ರೂಪುಗೊಂಡಿತು. 2009ರಲ್ಲಿ ಬ್ರಿಟನ್ ಸರಕಾರ ಅದನ್ನು ಟಿ.ವಿ. ಜಾಹೀರಾತಿನ ಮೂಲಕ ಜನರಿಗೇ ಕಲಿಸಲು ಹೊರಟಿತು. 2017ರಲ್ಲಿ ಅಮೆರಿಕದ ವೈದ್ಯರು ಸಮತೋಲನ ಮತ್ತು ಕಣ್ಣು ಎಂಬ ಇನ್ನೆರಡನ್ನು ಸೇರಿಸಲು ಸಲಹೆ ಕೊಟ್ಟರು. ಇಬ್ನ್ ಸೀನಾರ ದಪ್ಪ ಗ್ರಂಥದಲ್ಲಿದ್ದ ವಿದ್ಯೆ ಹೀಗೆ ಐದು ಬೆರಳಿಗೆ ಇಳಿದು ಬಂತು.

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರಲ್ಲಿ ಆರಂಭವಾಯಿತು. ಹೊತ್ತಿನ ಬೆಲೆ ಏನೆಂದು ಇಡೀ ಕರ್ನಾಟಕಕ್ಕೆ ಕಂಡದ್ದು 2023ರ ಆಗಸ್ಟ್ 30ರಂದು. ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರನ್ನು ಅಂದು ನಸುಕಿನಲ್ಲೇ ಬೆಂಗಳೂರಿನ ಜಯನಗರದ ಅಪೋಲೊ ಆಸ್ಪತ್ರೆಗೆ ಕರೆತಂದರು. ಸೌಮ್ಯ ಪಾರ್ಶ್ವವಾಯು ಎಂದು ವೈದ್ಯರು ತಿಳಿಸಿದರು. ಸೆಪ್ಟೆಂಬರ್ 3ರಂದು ಮನೆಗೆ ಹೊರಡುವ ಮುನ್ನ ಅವರು, ತಡ ಮಾಡಿದ್ದರೆ ಹಾಸಿಗೆ ಹಿಡಿಯಬೇಕಾಗುತ್ತಿತ್ತು, ಇಂಥ ಸೂಚನೆ ಕಂಡರೆ ಯಾರೂ ಅಲಕ್ಷ್ಯ ಮಾಡಬೇಡಿ ಎಂಬ ಅರ್ಥದ ಮಾತು ಹೇಳಿದರು. ರಾಜಕೀಯದಲ್ಲಿ ಯಾರ ಒಲವು ಎಲ್ಲಿದ್ದರೂ, ಈ ಮಾತು ಎಲ್ಲರೂ ಕೇಳಬೇಕಾದದ್ದು.

ಬೇಲೂರು ಕೈಗಾರಿಕಾ ಪ್ರದೇಶ ಇಂದು ಸಣ್ಣದಲ್ಲ. ಬಸ್ ತಯಾರಿಸುವ ಟಾಟಾ ಕಾರ್ಖಾನೆ ಅಲ್ಲಿದೆ, ಹೈಕೋರ್ಟಿನ ಧಾರವಾಡ ಪೀಠ ಆ ಹೆದ್ದಾರಿಯ ಪಕ್ಕದಲ್ಲೇ ಇದೆ. ಅಲ್ಲಿಂದ ಸತ್ತೂರಿನ ಎಸ್.ಡಿ.ಎಂ. ಆಸ್ಪತ್ರೆಗಾಗಲಿ, ಹುಬ್ಬಳ್ಳಿ ವಿದ್ಯಾನಗರದಲ್ಲಿ ಜನ ಕಿಮ್ಸ್ ಎಂದು ಕರೆಯುವ ಆಸ್ಪತ್ರೆಗಾಗಲಿ ಹೆದ್ದಾರಿಯೇ ದಾರಿ. ಕಿಮ್ಸ್‌ವರೆಗೆ 30 ಕಿಲೋಮೀಟರಿನ ಆಸುಪಾಸು. ನಾಲ್ಕೂವರೆ ಗಂಟೆಯಲ್ಲಿ ಈ ದಾರಿ ದೊಡ್ಡದಲ್ಲ. ಆದರೆ ಎದುರಿಗಿರುವುದು ಏನೆಂದು ಯಾರೂ ಗುರುತಿಸದಿದ್ದರೆ ಪ್ರಯಾಣ ಶುರುವಾಗುವುದೇ ಇಲ್ಲ.

ನಮ್ಮ ಸಫ್‌ನಲ್ಲಿ, ನಮ್ಮ ಮನೆಯಲ್ಲಿ

ನಮಾಝ್ ಇರುವುದು ಅಲ್ಲಾಹನ ಆರಾಧನೆಗೆ, ಕಾಯಿಲೆ ಪರೀಕ್ಷೆಗಲ್ಲ. ಆದರೂ ದಿನಕ್ಕೆ ಐದು ಹೊತ್ತು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವವರಿಗೆ ಪಕ್ಕದವರ ಬದಲಾವಣೆ ಬೇಗ ಕಾಣುತ್ತದೆ. ಈ ಸೂಚನೆಗಳನ್ನು ನೆನಪಿಡಿ. ಇವುಗಳ ಗುಣವೆಂದರೆ ಹಠಾತ್ತಾಗಿ ಬರುವುದು.

ಮುಖ: ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದ ನೀರು ಒಂದೇ ಬದಿಯಿಂದ ಸೋರುತ್ತಿದೆಯೇ? ಚಹಾ ಗಲ್ಲದ ಮೇಲೆ ಇಳಿಯುತ್ತಿದೆಯೇ? ನಗಲು ಹೇಳಿ. ತುಟಿ ಒಂದು ಬದಿಗೆ ಜಾರಿದರೆ ಅದು ಸೂಚನೆ.

ತೋಳು: ತಕ್ಬೀರ್ ಹೇಳುವಾಗ ಒಂದು ಕೈ ಕಿವಿಯವರೆಗೆ ಏಳುತ್ತದೆ, ಇನ್ನೊಂದು ಏಳುವುದಿಲ್ಲ. ತಸ್ಬೀಹ್ ಕೈಯಿಂದ ಜಾರುತ್ತದೆ. ಒಂದೇ ಕಾಲಿನ ಚಪ್ಪಲಿ ಕಳಚಿಹೋದರೂ ಅವರಿಗೆ ತಿಳಿಯುವುದಿಲ್ಲ. ಕಣ್ಣು ಮುಚ್ಚಿ ಎರಡೂ ಕೈಗಳನ್ನು ಅಂಗೈ ಮೇಲಾಗಿ ಮುಂದಕ್ಕೆ ಚಾಚಲು ಹೇಳಿ, ಹತ್ತರವರೆಗೆ ಎಣಿಸಿ. ಒಂದು ಕೈ ಕೆಳಗಿಳಿದರೆ ಅದು ಸೂಚನೆ.

ಮಾತು: ಮೇಲೆ ಹೇಳಿದಂತೆ ಹೊಸ ಮಾತು ಹೇಳಿಸಿ.

ಸಮತೋಲನ: ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಒಂದು ಬದಿಗೆ ವಾಲುವುದು, ಸಜ್ದಾದಿಂದ ಎದ್ದು ನಿಲ್ಲಲಾಗದಿರುವುದು.

ಕಣ್ಣು: ಒಂದು ಕಣ್ಣಿಗೆ ಅಥವಾ ಒಂದು ಬದಿಗೆ ಹಠಾತ್ತಾಗಿ ಕಾಣದಿರುವುದು, ಒಂದು ವಸ್ತು ಎರಡಾಗಿ ಕಾಣುವುದು. ಎಂದೂ ಬಾರದಂಥ ಭಯಂಕರ ತಲೆನೋವು ಸಿಡಿಲಿನಂತೆ ಬಂದರೆ ಅದೂ ಅಪಾಯವೇ.

ಇವುಗಳಲ್ಲಿ ಒಂದೇ ಕಂಡರೂ ಸಾಕು, ಕೂಡಲೇ 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು ಎಂದು ಹೇಳಿ. ಅವರು ಕೊನೆಯದಾಗಿ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೊಂದು. ಫಜ್ರ್‌ಗೆ ಎಬ್ಬಿಸುವಾಗ ಹೀಗೆ ಕಂಡರೆ, ರಾತ್ರಿ ಎಷ್ಟಕ್ಕೆ ಚೆನ್ನಾಗಿ ಮಲಗಿದರು ಎಂದು ಹೇಳಿ. ಹೊತ್ತು ಮೀರಿತು ಎಂದು ನೀವೇ ತೀರ್ಮಾನಿಸಬೇಡಿ. ದಿನವೂ ತೆಗೆದುಕೊಳ್ಳುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಜೊತೆಗೆ ಒಯ್ಯಿರಿ. ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಅದು ಮುಂದೆ ಬರುವ ದೊಡ್ಡ ಹೊಡೆತದ ಮುನ್ಸೂಚನೆ ಇರಬಹುದು. ಬರೀ ಮುಖದ ಲಕ್ವಾ ಇರಬಹುದಲ್ಲ ಎಂಬ ತೀರ್ಮಾನವೂ ವೈದ್ಯರಿಗೇ ಇರಲಿ.

ಬಾಯಿಗೆ ಏನನ್ನೂ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜೇನಾಗಲಿ, ಝಮ್‌ಝಮ್ ಆಗಲಿ ಆ ಹೊತ್ತಿನಲ್ಲಿ ಬೇಡ. ಆಸ್ಪಿರಿನ್ ಮಾತ್ರೆಯೂ ಬೇಡ, ಒಳಗೆ ರಕ್ತ ಸೋರುತ್ತಿದ್ದರೆ ಅದು ಹಾನಿ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು ಇವೆಲ್ಲ ಹೊತ್ತು ತಿನ್ನುವ ಕೆಲಸಗಳು. ದುಆ ಬಿಡಬೇಡಿ, ಅದನ್ನು ದಾರಿಯಲ್ಲಿ ಮಾಡಿ. ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ರಮಝಾನಿನಲ್ಲಿ ಇನ್ನೂ ಎಚ್ಚರ ಬೇಕು: ಉಪವಾಸದ ಸುಸ್ತು ದೇಹಕ್ಕೆಲ್ಲ ಬರುತ್ತದೆ, ಒಂದೇ ಬದಿಗೆ ಬರುವುದಿಲ್ಲ.

ಖುತ್ಬಾ ನಡೆಯುವಾಗ ಮಾತಾಡಬಾರದು, ನಮಾಝ್ ಮುರಿಯಬಾರದು ಎಂಬ ಅಂಜಿಕೆಯಿಂದ ಯಾರೂ ಸುಮ್ಮನೆ ಕೂರಬಾರದು. ಬಾವಿಗೆ ಬೀಳಲಿರುವ ಅಂಧನನ್ನು ಎಚ್ಚರಿಸಲು ಖುತ್ಬಾ ವೇಳೆ ಮಾತಾಡಬಹುದು, ಮುಳುಗುತ್ತಿರುವವನನ್ನು ಉಳಿಸಲು ನಮಾಝನ್ನೇ ಮುರಿಯಬೇಕು ಎಂದು ಫಿಕ್‌ಹ್ ವಿದ್ವಾಂಸರು ಹೇಳಿದ್ದಾರೆ. ಲಕ್ವಾ ಬಡಿಯುತ್ತಿರುವವನೂ ಮುಳುಗುತ್ತಿರುವವನೇ. ಅವನು ಕೂಗಲಾರ, ಅಷ್ಟೇ ವ್ಯತ್ಯಾಸ. ಒಂದು ಜೀವ ಉಳಿಸಿದವನು ಇಡೀ ಮಾನವ ಕುಲವನ್ನೇ ಉಳಿಸಿದಂತೆ ಎಂಬುದು ಕುರ್‌ಆನ್ ಕೊಟ್ಟ ಬೋಧನೆ.

ವೈದ್ಯ ವಿದ್ಯೆ ಫರ್ಝ್ ಕಿಫಾಯ ಎಂದು ಇಮಾಮ್ ಗಝ್ಝಾಲಿ ಬರೆದಿದ್ದಾರೆ. ಊರಿನಲ್ಲಿ ಸಾಕಷ್ಟು ಜನ ಕಲಿತರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಕಲಿಯದಿದ್ದರೆ ಎಲ್ಲರೂ ತಪ್ಪಿತಸ್ಥರು. ಪ್ರತಿ ಮಸೀದಿಯ, ಪ್ರತಿ ಕಾರ್ಖಾನೆಯ ಕೆಲವರಾದರೂ ಈ ಐದು ಸೂಚನೆಗಳನ್ನು ಕಲಿಯಲಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿ.ಟಿ. ಸ್ಕ್ಯಾನ್ ಮತ್ತು ಆ ಇಂಜೆಕ್ಷನ್ ಸಿಗುತ್ತದೆ ಎಂದು ಮೊದಲೇ ವಿಚಾರಿಸಿ, ಮಸೀದಿಯ ಫಲಕದಲ್ಲಿ ಬರೆದು ಹಾಕಲಿ. ಮಾಮೂನ ಪಾಳಿಯಲ್ಲಿ ಅಂಥವರು ಒಬ್ಬರಿದ್ದರೂ ಸಾಕಿತ್ತು.

ಪಕ್ಕದವರನ್ನು ನೋಡುವ ಕಣ್ಣನ್ನು ಅಲ್ಲಾಹನು ನಮಗೆಲ್ಲ ಕೊಡಲಿ. ಆಮೀನ್.